ಪಂಚಮಿಯ ಹಾಲು

ಮಗಳಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗವಿತ್ತು. ತಾಯಿ ಸತ್ತ ದುಃಖದಲ್ಲಿ ಅದು ಉಲ್ಬಣಿಸಿ ಬಲಗಣ್ಣು ಹೋಗಿತ್ತು. "ಮನಸ್ಸಿಗೆ ಇನ್ನೊಂದು ಪೆಟ್ಟು ಬಿದ್ದರೆ ಎಡಗಣ್ಣಿಗೂ ಅಪಾಯ" ಎಂದು ವೈದ್ಯರು ತಂದೆಗೆ ಹೇಳಿದ್ದರು.

ಆದ್ದರಿಂದ, ಪರವೂರಿನಲ್ಲಿ ಅಪಘಾತಕ್ಕೆ ಸಿಕ್ಕ ಮಗನನ್ನು ಅಲ್ಲಿಯೇ ದಹನ ಮಾಡಿ ಬಂದ ತಂದೆ ಅವಳಿಗೆ ಏನೂ ಹೇಳಲಿಲ್ಲ. ಸುಳ್ಳಿಗೂ ಮೈಲಿಗೆಗೂ ಅಂಜುವ ಮನುಷ್ಯ. ಸುಳ್ಳನ್ನು ಹೇಗೋ ಕಲಿತರು. ಅವಳ ಫೋನು ಕೆಟ್ಟಿದೆಯೆಂದು ಎತ್ತಿಟ್ಟರು. ನೆರೆಯವರ ಬಾಯನ್ನು ಕೈಮುಗಿದು ಕಟ್ಟಿದರು. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತರು.

ನಾಗರಪಂಚಮಿಯ ಹಿಂದಿನ ಸಂಜೆ ಅವಳು ಕೇಳಿದಳು.

"ನಾಳೆ ಅಣ್ಣ ಬರುತ್ತಾನಾ ಅಪ್ಪ? ಬೆನ್ನಿಗೆ ಹಾಲೆರೆಯಬೇಕಲ್ಲ."

"ರಜೆ ಸಿಗಲಿಲ್ಲವಂತೆ, ಪುಟ್ಟಿ."

"ಹಾಲು ತಣ್ಣಗಿದೆಯೆಂದು ಪ್ರತಿ ವರ್ಷ ಕುಣಿಯುತ್ತಿದ್ದ."

"ಮೊದಲಿಂದಲೂ ಪುಕ್ಕಲ ಅವನು" ಎಂದು ತಂದೆ ನಕ್ಕರು.

ಅವಳು ನಗಲಿಲ್ಲ. ಎಡಗಣ್ಣನ್ನು ಉಜ್ಜಿಕೊಂಡಳು.

"ಮೊನ್ನೆಯಿಂದ ಈ ಕಣ್ಣೂ ಮಂಜಾಗುತ್ತಿದೆ."

ತಂದೆ ಲೋಟ ಕೆಳಗಿಟ್ಟು ಅವಳ ಹತ್ತಿರ ಬಂದರು. "ಯಾಕಮ್ಮ? ಯಾವ ಚಿಂತೆಯೂ ನಿನ್ನ ಹತ್ತಿರ ಸುಳಿಯದ ಹಾಗೆ ನೋಡಿಕೊಂಡಿದ್ದೇನಲ್ಲ. ಯಾರಾದರೂ ಏನಾದರೂ ಹೇಳಿದರಾ?"

"ಯಾರೂ ಹೇಳಲಿಲ್ಲ. ಹೇಳದಿರಲಿ ಎಂದೇ ಮನಸ್ಸು ಕದಡದಂತೆ ಕಣ್ಣು ಮುಚ್ಚಿಕೊಂಡು ಉಸಿರು ಎಣಿಸುತ್ತಿದ್ದೆ."

"ಮತ್ತೇಕೆ ಹೀಗಾಯಿತು?"

"ಅಮ್ಮ ಹೋದಾಗ ಸೂತಕವೆಂದು ಹತ್ತು ದಿನ ನೀವು ಪೂಜೆಯ ಗಂಟೆ ಬಾರಿಸಿರಲಿಲ್ಲ" ಎಂದಳು ಮಗಳು. "ಈಗ ಆರು ದಿನವಾಯಿತು."