ತಗ್ಗುವ ಸೊಲ್ಲು

“ಇದ್ರ ದನಿ ನನ್ ಮೇಲೇ ಬೀಳ್ತದಲ್ಲಮ್ಮಿ,” ಎಂದು ದೊಡ್ಡಮಾದಮ್ಮ ಸೋಬಾನೆ ಪದವನ್ನು ಅರ್ಧಕ್ಕೇ ನಿಲ್ಲಿಸಿ ಗಂಟಲು ಹಿಡಿದುಕೊಂಡಳು. ಮಗಳು ನೀಲಾವತಿಯ ಬೆರಳು ಸಿಂಥಸೈಜರಿನ ನಾಬಿನ ಮೇಲೇ ಉಳಿಯಿತು. ಅವ್ವನ ಪದಕ್ಕೆ ಹಿಂದಿನಿಂದ ದನಿಗೂಡಿಸಿ ಸೊಲ್ಲೆತ್ತಲೆಂದು ಮಗಳೇ ವೈರು ಚುಚ್ಚಿ ಕಟ್ಟಿದ ಯಂತ್ರ. ಅವ್ವ ದನಿಯೆತ್ತಿದಷ್ಟೂ ತಾನೂ ಎತ್ತಿ ಅವಳನ್ನೇ ಮುಳುಗಿಸುತ್ತಿತ್ತು. ನಾಳೆ ಬೆಳಿಗ್ಗೆ ಚಾಮರಾಜನಗರದಲ್ಲಿ ಅವ್ವನ ಗಂಟಲಿನ ಆಪರೇಷನ್ನು. ಗಡ್ಡೆಯ ಜೊತೆ ಅವ್ವನ ದನಿಯೂ ಹೋಗುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರು.

“ಸೊಲ್ಲೆತ್ತೋರು ಇಂಗಾ ಮಾಡದು? ನಾ ಪದ ಏಳ್ವಾಗ ಅವ್ರು ತಗ್ಬೇಕು. ನಾ ಉಸ್ರು ತಕ್ಕಂಡಾಗ ಎತ್ಬೇಕು ಕಣಮ್ಮಿ.”

ಎರಡು ವಾರದಿಂದ ಬಲಕ್ಕೇ ತಿರುಗಿಸಿ ಸೋತಿದ್ದ ನಾಬನ್ನು ನೀಲಾವತಿ ನಡುವಿನ ಸೊನ್ನೆ ದಾಟಿಸಿ ಎಡಕ್ಕೆ ತಿರುಗಿಸಿದಳು; ಇನ್ನು ಅವ್ವನ ದನಿ ಏರಿದಷ್ಟೂ ಯಂತ್ರ ಇಳಿಯಬೇಕು. ಅವ್ವ ಮೈಕು ಬಾಯಿಗೆ ಹಿಡಿದು ಮತ್ತೆ ಪದ ಹೇಳಿದಳು. ಯಂತ್ರ ತಲೆತಗ್ಗಿಸಿದ ಹಾಗೆ ಇಳಿಯಿತು. ಅವಳು ಉಸಿರಿಗೆ ನಿಂತಾಗ ಅದು ಮೆಲ್ಲಗೆ ಎದ್ದು ಆ ಜಾಗವನ್ನು ತುಂಬಿತು. “ಈಗ ಸರೋಯ್ತು ಬುಡು,” ಅವ್ವ ಅಂದಾಗ ಆ ಮಾತಿಗೂ ತಗ್ಗಿತು.

“ಮುಂದಿನ್ ಪದ ಏಳವ್ವ,” ನೀಲಾವತಿಯ ಕೈ ರೆಕಾರ್ಡಿನ ಗುಂಡಿಗೆ ಹೋಯಿತು. ಅವ್ವ ಬಾಯಿ ತೆರೆದಳು. ದನಿ ಹೊರಡಲಿಲ್ಲ. ಯಂತ್ರ ಏರಿತು, ಇನ್ನೂ ಏರಿತು, ಗೋಡೆಯ ಮೇಲಿನ ಫೋಟೊಗಳು ನಡುಗುವಷ್ಟು ಏರಿ ನಿಂತಿತು. ಇನ್ನು ಮುಂದೆ ಪದ ಹೇಳಿ ಅದನ್ನು ತಗ್ಗಿಸುವವರು ಈ ಮನೆಯಲ್ಲಿ ಯಾರೂ ಇಲ್ಲವೆಂದು ನೀಲಾವತಿಗೆ ಆಗ ಹೊಳೆಯಿತು.