ಕೆಳಗಿನ ಸಾಲಿನಿಂದ

“ಇಂಗ್ಲಿಷಿನ್ಯಾಗ ಬೆಕ್ಕು, ನಾಯಿ ಕಲೀಲಾರದ ಒಮ್ಮೆಲೇ ‘ರಿಗ್ರೆಟ್’ಗೆ ಬಂದೆಲ್ಲೋ ಸಾತಪ್ಪಾ!”

ಶಿದ್ರಾಮಪ್ಪ ಮಾಸ್ತರರು ನಕ್ಕರು. ನಗು ಕೆಮ್ಮಾಯಿತು. ಟಾನಿಕ್ಕಿನ ಬಾಟಲಿಯತ್ತ ಕೈಚಾಚಿದರು.

“ವಯಸ್ಸಾತಲ್ರೀ. ಬೆಕ್ಕು, ನಾಯಿ ಕಲ್ಯಾಕ ಟೈಮ್ ಎಲ್ಲೈತಿ? ದಿನಕ್ಕೊಂದು ದೊಡ್ಡ ಶಬ್ದ ಹೇಳ್ರಿ ಸಾಕು.”

ಬನಹಟ್ಟಿಯ ಆ ಓಣಿಯಲ್ಲಿ ಇಂಗ್ಲಿಷ್ ಬಲ್ಲವರು ಈ ನಿವೃತ್ತ ಮಾಸ್ತರರೊಬ್ಬರೇ. ಹಿಂದೆ ಮುಂದೆ ಯಾರೂ ಇಲ್ಲ. ಎದುರುಮನೆಯ ಸಾತಪ್ಪ, ಯಂಕವ್ವ ದಂಪತಿಯೇ ಅವರ ಮನೆಯವರು. ರೊಟ್ಟಿ ಅಲ್ಲಿಂದಲೇ ಬರುತ್ತಿತ್ತು.

ಸಾತಪ್ಪ ನೇಕಾರ. ಎಬಿಸಿಡಿ ತಿಳಿಯದು. ಆದರೆ ಸೀರೆಯ ಅಂಚಿನ ನಕ್ಷೆ ಬರೆಯುವ ಚೌಕಗಳ ಕಾಗದದ ಮೇಲೆ, ಎಲ್ಲಿಂದಲೋ ನೋಡಿ, ಶಬ್ದ ಇಳಿಸಿ ತರುತ್ತಿದ್ದ. ನವಿಲು ಇಳಿಸಿದ ಹಾಗೆ, ಒಂದು ಚೌಕವೂ ತಪ್ಪದೆ. ಮಾಸ್ತರರು ಡಿಕ್ಷನರಿ ತೆರೆದು ಅರ್ಥ ಹೇಳುವರು.

“ರಿಗ್ರೆಟ್ ಅಂದ್ರ ವಿಷಾದ. ಬೇವಿನಗಿಡ ಕಡಿದ ಮ್ಯಾಲೆ ಅದರ ನೆರಳು ನೆನಸೂದು, ನೋಡು, ಅದು.”

ಮರುದಿನ ‘ಇನ್‌ಆಪರೇಬಲ್’ ಬಂತು.

“ಶಸ್ತ್ರಕ್ರಿಯೆ ಮಾಡಾಕ ಬರಲಾರದ್ದು.”

“ಎಳಿ ಹರಿದ್ರ ನಾವು ಗಂಟು ಹಾಕ್ತೇವಲ್ರೀ?”

“ಗಂಟಿಗೂ ಸಿಗದಂಗ ಹರಿದದ್ದೋ.”

ಸಾತಪ್ಪ ಚಹಾ ಮುಟ್ಟದೆ ಎದ್ದುಹೋದ.

ಸಂಜೆ ರೊಟ್ಟಿ ತಂದ ಯಂಕವ್ವ ಬಾಗಿಲಲ್ಲೇ ನಿಂತಳು. “ನಮ್ಮಾಂವಗ ಏನ್ ಕಲಿಸೀರಿ ಮಾಸ್ತರ? ಮಗ್ಗ ಮುಟ್ಟವಲ್ಲ. ನಾ ಕೊಡ ಎತ್ತಿದ್ರ ಓಡಿಬಂದು ಕಸಗೋತಾನ. ಮದುವಿಯಾಗಿ ಮೂವತ್ತು ವರ್ಷಕ್ಕ ಬುದ್ಧಿ ಬಂತು!”

ಮಾಸ್ತರರು ನಗಲಿಲ್ಲ. ಅವಳ ಬಿಳಿಚಿದ ಮುಖವನ್ನೇ ನೋಡಿದರು.

ಮೂರನೆಯ ದಿನದ ಚೀಟಿ: ‘ಮ್ಯಾಲಿಗ್ನಂಟ್’. ಕ್ಯಾನ್ಸರಿಗೆ ಡಾಕ್ಟರರು ಬಳಸುವ ಶಬ್ದ. ಮಾಸ್ತರರು ಡಿಕ್ಷನರಿ ಮುಚ್ಚಿದರು.

“ಇದನ್ನ ಎಲ್ಲಿ ನೋಡಿ ಬರ್ಯಾಕತ್ತಿ? ಖರೆ ಹೇಳು.”

ಸಾತಪ್ಪ ಬಾಗಿಲು ಮುಂದೆ ಮಾಡಿ ಹೇಳತೊಡಗಿದ. ಹೋದ ತಿಂಗಳು ಮೂವರೂ ಮಿರಜಿನ ದವಾಖಾನೆಗೆ ಹೋಗಿದ್ದರು. ಯಂಕವ್ವನ ಸುಸ್ತಿಗೆ, ಮಾಸ್ತರರ ಕೆಮ್ಮಿಗೆ. ಡಾಕ್ಟರು ಇಬ್ಬರಿಗೂ ಟಾನಿಕ್ ಬರೆದರು. ಹೊರಡುವಾಗ ಸಾತಪ್ಪನನ್ನು ಒಬ್ಬನನ್ನೇ ಕರೆದು, ಮನೆಯವರು ನೀವೇ ತಾನೆ ಎಂದು ಕೇಳಿ, ಲಕೋಟೆಯೊಂದನ್ನು ಕೊಟ್ಟಿದ್ದರು. ರೋಗಿಗೆ ತೋರಿಸಬೇಡಿ ಎಂದಿದ್ದರು.

“ಆಕಿಗೆ ಗೊತ್ತಾಗಬಾರದ್ರೀ. ಓಣಿಗೂ ಗೊತ್ತಾಗಬಾರದು. ಅದಕ ಆ ಕಾಗದದಾಗಿನ ಒಂದೊಂದ ಶಬ್ದ ತಂದೆ…”

ಮಾಸ್ತರರು ಅವನ ಹೆಗಲ ಮೇಲೆ ಕೈಯಿಟ್ಟರು.

“ಇನ್ನ ಎಷ್ಟು ಉಳದಾವು?”

“ದೊಡ್ಡದು ಒಂದ ರೀ. ಎಲ್ಲಾದಕ್ಕಿಂತ ಮ್ಯಾಲಿಂದು.” ಸಾತಪ್ಪ ಕಿಸೆಯಿಂದ ಚೀಟಿ ತೆಗೆದ. “ನಕ್ಷೆ ಕೆಳಗಿನ ಸಾಲಿನಿಂದ ನೇಯೂದಲ್ರೀ. ಕಾಗದಾನೂ ಹಂಗ ಕೆಳಗಿಂದ ಹಿಡದೆ.”

ಮಾಸ್ತರರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದರು.

“ಸಾತಪ್ಪಾ, ಈ ಕಾಗದ ಯಂಕವ್ವಂದಲ್ಲ. ಆಕಿಗೆ ಏನೂ ಆಗಿಲ್ಲ. ಹೋಗು, ಮಗ್ಗಕ್ಕ ಕುಂಡ್ರು.”

“ಖರೇನ್ರೀ? ಮತ್ತ ಈ ಶಬ್ದಕ್ಕ ಅರ್ಥ?”

“ಇದು ಡಿಕ್ಷನರಿಯಾಗ ಇಲ್ಲೋ.”

ಸಾತಪ್ಪ ಚಪ್ಪಲಿ ಮರೆತು ಓಡಿದ. ಸ್ವಲ್ಪ ಹೊತ್ತಿಗೆ ಎದುರುಮನೆಯಲ್ಲಿ ಯಂಕವ್ವನ ಬೈಗುಳ ಕೇಳಿತು. ಅದರ ಹಿಂದೆಯೇ, ಎಷ್ಟೋ ದಿನಗಳ ಮೇಲೆ, ಮಗ್ಗದ ಸದ್ದು.

ಮಾಸ್ತರರು ಚೀಟಿಯನ್ನು ಟಾನಿಕ್ಕಿನ ಬಾಟಲಿಯ ಕೆಳಗಿಟ್ಟರು. ಒಂದು ಚೌಕವೂ ತಪ್ಪದೆ ಇಳಿದಿತ್ತು ಆ ಹೆಸರು: ಶಿದ್ರಾಮಪ್ಪ.