ಡಬ್ಬಿ ಕೂರಿಸುವ ಜಾಗ

"ಹಿಂದೆ ಟ್ರೇಲರ್ ಓಲಾಡ್ತಿದೆ, ಬ್ರೇಕ್ ಒತ್ತೋ!" ಎಂದು ಬಲಪಕ್ಕದ ಸೀಟಿನಿಂದ ನೆಡ್ರಾ ಕಿರುಚಿದಳು. ಪಿಕಪ್ ಅವಳ ರಿಪೇರಿ ಶೆಡ್ಡಿನಲ್ಲೇ ನಿಂತಿತ್ತು, ಎಂಜಿನ್ ಕೂಡ ಆಫ್ ಆಗಿತ್ತು. ಆದರೂ ಎಡಗಡೆ ಸ್ಟೀರಿಂಗ್ ಮುಂದೆ ಕೂತಿದ್ದ ಡಾರೆಲ್ ಬೆಚ್ಚಿಬಿದ್ದ. ಹೋದ ವಾರ ಬಿಗ್‌ಹಾರ್ನ್ ಘಾಟಿಯ ಇಳಿಜಾರಿನಲ್ಲಿ, ನಾಲ್ಕು ಕುದುರೆಗಳನ್ನು ತುಂಬಿದ್ದ ಟ್ರೇಲರ್ ಹಾವಿನಂತೆ ಹೊರಳಾಡಿದ್ದು ಕಣ್ಮುಂದೆ ಬಂತು.

ಆ ಓಲಾಟ ನಿಲ್ಲಿಸಲು ಟ್ರೇಲರಿನ ಬ್ರೇಕನ್ನಷ್ಟೇ ಕೈಯಿಂದ ಒತ್ತುವ ಪುಟ್ಟ ಡಬ್ಬಿ ಡ್ಯಾಶ್‌ಬೋರ್ಡಿನಲ್ಲಿ ಸ್ಟೀರಿಂಗಿನ ಬಲಕ್ಕೇ ಬೇಕೆಂದು ಹಟ ಹಿಡಿದಿದ್ದವನು ಅವನೇ. "ಎಲ್ಲರೂ ಅಲ್ಲೇ ಹಾಕಿಸ್ಕೋತಾರೆ ಕಣಜ್ಜಿ. ಎರಡು ತೂತು ಕೊರೆಯೋಕೆ ಇಷ್ಟು ಯೋಚನೆನಾ?" ಎಂದು ಛೇಡಿಸಿಯೂ ಇದ್ದ. ಸದ್ದು ಕೇಳಿಯೇ ಎಂಜಿನ್ನಿನ ರೋಗ ಹೇಳುವ ಆ ಮುದುಕಿ ಬಲಗಡೆ ಸೀಮೆಸುಣ್ಣದಿಂದ ಗುರುತು ಹಾಕಿ, ಬಂದು ಅವನ ಪಕ್ಕ ಕೂತಿದ್ದಳು, ಅಷ್ಟೇ.

ಡಾರೆಲ್ ಈಗ ತನ್ನ ಬಲಗೈ ನೋಡಿಕೊಂಡ. ಅದು ಗುರುತಿನ ಹತ್ತಿರವೂ ಸುಳಿದಿರಲಿಲ್ಲ. ನೆಡ್ರಾ ಮುಂದಕ್ಕೆ ಮುಗ್ಗರಿಸದಂತೆ ಅವಳ ಎದೆಗೆ ಅಡ್ಡವಾಗಿ ಚಾಚಿಕೊಂಡಿತ್ತು.

"ಈ ಸೀಟಲ್ಲಿ ದಿನಾ ಯಾರು ಕೂರ್ತಾರಪ್ಪಾ?"

"ಮಗಳು," ಎಂದ ಡಾರೆಲ್, ನಾಚಿಕೊಂಡು. "ಹತ್ತೊಂಬತ್ತು ತುಂಬ್ತು ಅವಳಿಗೆ. ಬೆಲ್ಟೂ ಹಾಕ್ಕೋತಾಳೆ."

ನೆಡ್ರಾ ಆ ಕೈಯನ್ನು ಮೆಲ್ಲಗೆ ಸರಿಸಿ ಕೆಳಗಿಳಿದಳು. ಸುತ್ತಿ ಅವನ ಬಾಗಿಲಿಗೆ ಬಂದು, ಬಲಗಡೆಯ ಗುರುತನ್ನು ಹೆಬ್ಬೆರಳಿನಿಂದ ಒರೆಸಿ, ಡ್ರಿಲ್ಲನ್ನು ಸ್ಟೀರಿಂಗಿನ ಎಡಕ್ಕೆ ಇಟ್ಟಳು. ಡಾರೆಲ್ ಮೊಣಕಾಲು ಸರಿಸಿ ಜಾಗ ಬಿಟ್ಟ.

"ಎಡಗೈಲೇ ಒತ್ತು," ಎಂದಳು ನೆಡ್ರಾ. "ಬಲಗೈಗೆ ಪುರುಸೊತ್ತಿಲ್ಲ."